ಬಲೂನಿನಿಂದ ಬಿದ್ದ ಬಂಡಿ

ಬಳ್ಳಾರಿಯ ನಾಯಕರಿಗೆ ಮುಪ್ಪು ಎಂಬುದು ಬರುವುದೇ ಇಲ್ಲ. ಆ ಪುಣ್ಯವನ್ನು ಅವರು ಬೆಳಗಿನ ವಾಕಿಂಗಿಗೋ ಮನೆದೇವರಿಗೋ ಸಲ್ಲಿಸುತ್ತಾರೆ. ನಿಜವಾಗಿ ಸಲ್ಲಬೇಕಾದದ್ದು ಗಾಂಧಿನಗರದ ಫ್ಲೆಕ್ಸ್ ಅಂಗಡಿಯೊಂದರ ಒಳಕೋಣೆಯಲ್ಲಿ ಬೆನ್ನು ಬಾಗಿಸಿ ಕಂಪ್ಯೂಟರಿನ ಮುಂದೆ ಕೂತಿರುವ ಪಕ್ಕೀರಪ್ಪನಿಗೆ. ಕಣ್ಣ ಕೆಳಗಿನ ಚೀಲಗಳನ್ನು ಒರೆಸುವವನು ಅವನು, ಇಳಿಬಿದ್ದ ಗಲ್ಲವನ್ನು ಎತ್ತಿ ಕಟ್ಟುವವನು ಅವನು, ಬೋಳು ನೆತ್ತಿಗೆ ಕೂದಲು ನಾಟಿ ಮಾಡುವವನೂ ಅವನೇ. ಎಪ್ಪತ್ತು ದಾಟಿದ ಮುಖಂಡರೊಬ್ಬರನ್ನು ಒಮ್ಮೆ ಎಷ್ಟು ಎಳೆಯರನ್ನಾಗಿ ಮಾಡಿದ್ದನೆಂದರೆ, ಅದೇ ಬ್ಯಾನರಿನಲ್ಲಿದ್ದ ಅವರ ಮಗ ಅವರಿಗಿಂತ ಹಿರಿಯನಂತೆ ಕಾಣುತ್ತಿದ್ದ. ಮಗ ಬಂದು ಜಗಳ ತೆಗೆದ ಮೇಲೆ ಇಬ್ಬರಿಗೂ ಒಂದೇ ವಯಸ್ಸು ಮಾಡಿ ಕಳಿಸಿದ.

ಪಕ್ಕೀರಪ್ಪ ಹುಟ್ಟಿದ್ದು ಕುರುಗೋಡಿನಲ್ಲಿ. ಅಪ್ಪ ಬೇಗ ಹೋದ. ಅಕ್ಕ ಹಂಪಕ್ಕ ಮದುವೆಯಾಗಿ ಬಳ್ಳಾರಿಗೆ ಬಂದವಳು, ಗಂಡ ತೀರಿಕೊಂಡ ಮೇಲೆ ಗಾಂಧಿನಗರದ ಮೈದಾನದ ಮೂಲೆಯಲ್ಲಿ ತಳ್ಳುಬಂಡಿ ನಿಲ್ಲಿಸಿಕೊಂಡು ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಮಾರತೊಡಗಿದಳು. ತಮ್ಮ ಗದಗಿಗೆ ಹೋಗಿ ಡ್ರಾಯಿಂಗ್ ಡಿಪ್ಲೊಮಾ ಮಾಡಿಕೊಂಡು ಬಂದದ್ದು ಆ ಬಂಡಿಯ ಬಾಣಲೆಯಿಂದಲೇ. ಬಂದವನು ಅಂಗಡಿಗಳಿಗೆ ಬೋರ್ಡು ಬರೆದ, ಗೋಡೆಗಳಿಗೆ ಸಿನಿಮಾ ನಾಯಕರನ್ನು ಬರೆದ, ಲಾರಿಗಳ ಬೆನ್ನಿಗೆ ಸೂರ್ಯಾಸ್ತ ಬರೆದ. ಅಷ್ಟರಲ್ಲಿ ಫ್ಲೆಕ್ಸ್ ಬಂತು. ಬ್ರಷ್ಷುಗಳು ಡಬ್ಬಿಯಲ್ಲೇ ಒಣಗಿದವು. ಎರ್ರಿಸ್ವಾಮಿ ಎಂಬವರ ಫ್ಲೆಕ್ಸ್ ಅಂಗಡಿಯಲ್ಲಿ ಮೌಸ್ ಹಿಡಿದು ಕೂತವನು ವರ್ಷಗಟ್ಟಲೆ ಏಳಲಿಲ್ಲ.

ಫ್ಲೆಕ್ಸಿಗೆ ಅದರದೇ ಶಾಸ್ತ್ರವಿದೆ. ಅಲ್ಲಿ ಏನು ಬರೆದಿದೆ ಎಂದು ಯಾರೂ ಓದುವುದಿಲ್ಲ; ಯಾರ ಮುಖ ಯಾರ ಮುಖಕ್ಕಿಂತ ಎಷ್ಟು ದೊಡ್ಡದು, ಯಾರು ಮೇಲೆ, ಯಾರು ಕೆಳಗೆ ಎಂಬುದಷ್ಟೇ ಲೆಕ್ಕ. ಮೇಲಿದ್ದವನು ದೊಡ್ಡವನು. ಅವನು ಕೆಳಗೆ ಕೈ ಚಾಚಿದ್ದರೆ ಏನೋ ಕೊಡುತ್ತಿದ್ದಾನೆ. ಕೆಳಗಿದ್ದವರು ಕೈ ಎತ್ತಿದ್ದರೆ ಇಸಿದುಕೊಳ್ಳುತ್ತಿದ್ದಾರೆ. ಈ ಮೂರು ಮಾತು ಕಲಿತರೆ ಈ ಜಿಲ್ಲೆಯ ರಾಜಕೀಯವನ್ನೂ ಕಲಿತ ಹಾಗೆಯೇ. ಪಕ್ಕೀರಪ್ಪನಿಗೆ ಅದು ಕೈಯಲ್ಲೇ ಕೂತಿತ್ತು, ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ.

ಆದರೆ ವಾರದ ರಜೆಯ ದಿನ ಅವನು ಬೇರೆಯೇ ಮನುಷ್ಯ. ಗದಗಿನಲ್ಲಿ ಓದುವಾಗ ಅವನ ಮೇಷ್ಟ್ರು ಹಳೆಯ ಫ್ರಾನ್ಸಿನ, ಇಂಗ್ಲೆಂಡಿನ ಅಚ್ಚಿನ ಚಿತ್ರಗಳ ಒಂದಷ್ಟು ಝೆರಾಕ್ಸ್ ಕೊಟ್ಟಿದ್ದರು. ಅಲ್ಲಿ ಮೊಟ್ಟಮೊದಲು ಬಲೂನು ಹಾರಿದ ಕಾಲದವು. ಮನುಷ್ಯರನ್ನು ಹತ್ತಿಸಲು ಧೈರ್ಯ ಸಾಲದೆ ಮೊದಲು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಹತ್ತಿಸಿ ಬಿಟ್ಟರಂತೆ. ಇಳಿದು ಬಂದ ಪ್ರಾಣಿಗಳು ಸುಖವಾಗಿದ್ದದ್ದು ನೋಡಿ ದೊಡ್ಡವರಿಗೂ ಮೇಲೆ ಹೋಗುವ ಚಪಲ ಹತ್ತಿತು. ಅಲ್ಲಿಂದ ಚಿತ್ರಕಾರರಿಗೆ ಹಬ್ಬ. ಮಂತ್ರಿಗಳನ್ನು ಬುಟ್ಟಿಯಲ್ಲಿ ಕೂರಿಸಿ ಅವರ ಭಾಷಣದ ಬಿಸಿಗಾಳಿಯಿಂದಲೇ ಬಲೂನು ಉಬ್ಬಿಸಿದರು. ಪಂಡಿತರ ತಲೆಗಳನ್ನೇ ಬಲೂನು ಮಾಡಿ ಹಾರಿಸಿದರು. ಫ್ಯಾಶನ್ನಿನ ಹೆಂಗಸರ ಲಂಗಗಳಿಗೆ ಗಾಳಿ ತುಂಬಿ ಮರದ ಮೇಲೆ ಕಳಿಸಿದರು. ತಾಮ್ರದ ತಗಡಿನಲ್ಲಿ ಕೊರೆದು, ಅಚ್ಚು ಹಾಕಿ, ಬೀದಿಯಲ್ಲಿ ತೂಗುಹಾಕಿದರೆ ಜನ ನಿಂತು ನಗುತ್ತಿದ್ದರು. ಒಂದು ಬಲೂನು ಹಳ್ಳಿಯೊಂದರ ಹೊಲಕ್ಕೆ ಬಿದ್ದಾಗ ಹಳ್ಳಿಯವರು ಅದನ್ನು ಭೂತವೆಂದು ಬಗೆದು ಕವೆಗೋಲು ತೆಗೆದುಕೊಂಡು ತಿವಿದು ಹಾಕಿದರಂತೆ. ನಮ್ಮೂರಿನಲ್ಲಾಗಿದ್ದರೆ ಹಾರ ಹಾಕಿ ಸನ್ಮಾನ ಮಾಡುತ್ತಿದ್ದರು ಎಂದು ಪಕ್ಕೀರಪ್ಪ ಆಗಲೇ ಅಂದುಕೊಂಡಿದ್ದ.

ಆ ಹುಚ್ಚಿಗೆ ಅವನು ಲಿನೋಲಿಯಂ ಹಾಳೆ ತಂದು, ಉಳಿಯಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಕೊರೆದು, ಮಸಿ ಹಚ್ಚಿ, ಮೇಲೆ ಕಾಗದವಿಟ್ಟು ಚಮಚದ ಬೆನ್ನಿನಿಂದ ತಿಕ್ಕಿ ಅಚ್ಚು ತೆಗೆಯುತ್ತಿದ್ದ. ಕೋಚಿಂಗ್ ಸೆಂಟರಿನವರನ್ನು ಕೊರೆದ, ಮದುವೆ ಮಂಟಪದವರನ್ನು ಕೊರೆದ. ಕೊರೆದದ್ದನ್ನೆಲ್ಲ ಮಂಚದ ಕೆಳಗೆ ಇಡುತ್ತಿದ್ದ. ವಾರವೆಲ್ಲ ಹೊಗಳಿದ ಕೈ ಒಂದು ದಿನವಾದರೂ ಬೈಯಲಿ ಎಂಬುದಷ್ಟೇ ಅವನ ಆಸೆ, ಬೈಗುಳವನ್ನು ಯಾರಿಗೂ ಕೇಳಿಸುವ ಎದೆಗಾರಿಕೆ ಇರಲಿಲ್ಲ.

ಹೀಗಿರುವಾಗ ಬಳ್ಳಾರಿಗೂ ಬಲೂನಿನ ಯುಗ ಬಂತು. ತಂದವರು ದೊಡ್ಡಬಸವರಾಜಣ್ಣ. ಇವರು ಕುರುಗೋಡಿನ ಕಡೆಯವರು, ಎರಡು ಸಲ ಚುನಾವಣೆಗೆ ನಿಂತು ಎರಡು ಸಲವೂ ಸೋತು, ಸೋಲಿನ ಹೆಸರಿನಲ್ಲೇ ಜನಪ್ರಿಯರಾದವರು. ಮೂರನೆಯ ಸಲಕ್ಕೆ ಟಿಕೆಟ್ಟು ಬೇಕಾಗಿತ್ತು. ಹುಟ್ಟುಹಬ್ಬಕ್ಕೆ ಕ್ರೇನಿನಿಂದ ಸೇಬಿನ ಹಾರ ಹಾಕಿಸಿಕೊಳ್ಳುವುದು ಹಳತಾಗಿತ್ತು. ಹಾಗಾಗಿ ತಮ್ಮ ಮುಖವನ್ನೇ ಮುದ್ರಿಸಿದ ಬಿಸಿಗಾಳಿ ಬಲೂನು ತರಿಸಿದರು. ಹಗ್ಗ ಕಟ್ಟಿದ ಬಲೂನು ಹುಣಸೆಮರದೆತ್ತರಕ್ಕೆ ಹೋಗಿ ಇಳಿಯುವುದು, ಅದರಲ್ಲಿ ಅಣ್ಣನವರು ನಿಂತು ಕೈ ಬೀಸುವುದು, ಜನ ಕತ್ತು ನೋಯುವತನಕ ನೋಡುವುದು, ಇದೇ ಜನಸೇವೆಯ ಹೊಸ ಮಾದರಿ. ಗಾಂಧಿನಗರದ ಮೈದಾನದಲ್ಲಿ ಮೊದಲ ಹಾರಾಟ, ಆಮೇಲೆ ಕುರುಗೋಡು, ಕೊನೆಗೆ ಸಿರುಗುಪ್ಪ ಎಂದು ನಿಗದಿಯಾಯಿತು.

ಬಲೂನಿಗೆ ಜಾಗ ಬೇಕಿತ್ತು. ಮೈದಾನ ಬೇಕಾದಷ್ಟು ದೊಡ್ಡದಿತ್ತು, ಆದರೆ ದೊಡ್ಡವರಿಗೆ ಜಾಗ ಸಾಲದೆ ಬರುವುದು ಯಾವಾಗಲೂ ಬಡವರು ನಿಂತ ಮೂಲೆಯಲ್ಲೇ. ಅಣ್ಣನವರ ಬಲಗೈ ಹನುಮೇಶ್ ಹುಡುಗರನ್ನು ಕರೆತಂದು ಹಂಪಕ್ಕನ ಬಂಡಿಯನ್ನು ಟ್ರ್ಯಾಕ್ಟರಿಗೆ ಏರಿಸಿದ.

"ಏನಪ್ಪಾ ಇದು, ಒಲಿ ಇನ್ನಾ ಉರಿಯಾಕತ್ತೈತಿ," ಎಂದಳು ಹಂಪಕ್ಕ.

"ಫಂಕ್ಷನ್ ಮುಗೀಲಿ ಬೇ ಅಮ್ಮಾ. ಮುಗದ ಮ್ಯಾಲೆ ನಾವs ತಂದು ನಿಲ್ಲಸ್ತೀವಿ."

ಬಂಡಿ ಹೋದದ್ದು ಹೋಯಿತು. ಕೇಳಲು ಹೋದರೆ ಅಣ್ಣಾರ ಗೋಡೌನಿನಲ್ಲಿದೆ ಎಂದರು. ಗೋಡೌನಿಗೆ ಹೋದರೆ ಅಣ್ಣಾರನ್ನು ಕೇಳು ಎಂದರು. ಅಣ್ಣಾರು ಯಾವಾಗಲೂ ಈಗಷ್ಟೇ ಹೊರಗೆ ಹೋಗಿರುತ್ತಿದ್ದರು. ಹಂಪಕ್ಕ ಮನೆಯಲ್ಲಿ ಕೂತಳು. ರೂಢಿ ತಪ್ಪದೆ ನಸುಕಿನಲ್ಲಿ ಎದ್ದು ಮೆಣಸಿನಕಾಯಿ ಸೀಳುವಳು, ಸೀಳಿದ ಮೇಲೆ ಬಂಡಿಯಿಲ್ಲ ಎಂಬುದು ನೆನಪಾಗುವುದು. ಸೀಳಿದ ಮೆಣಸಿನಕಾಯಿಯ ಬುಟ್ಟಿಯ ಮುಂದೆ ಅಕ್ಕ ಸುಮ್ಮನೆ ಕೂತದ್ದನ್ನು ನೋಡಿ ಪಕ್ಕೀರಪ್ಪ ಬಾಗಿಲಿಂದಲೇ ಹಿಂದಿರುಗಿದ. ತಾನು ಉಂಡ ಅನ್ನದ ಬಂಡಿ ಅದು. ಅದನ್ನು ಕಿತ್ತುಕೊಂಡವನ ಗಲ್ಲವನ್ನು ಬೆಳಗಿನಿಂದ ಸಂಜೆಯವರೆಗೆ ನುಣುಪು ಮಾಡುತ್ತಿದ್ದವನು ತಾನು. ಆ ವಾರದ ರಜೆಯಲ್ಲಿ ಅವನು ಉಳಿ ಹಿಡಿದ, ಈ ಸಲ ಮಂಚದ ಕೆಳಗೆ ಇಡಬಾರದು ಎಂದು ನಿಶ್ಚಯಿಸಿಕೊಂಡೇ ಹಿಡಿದ.

ಚಿತ್ರ ಚೆನ್ನಾಗಿಯೇ ಬಂತು. ಬಲೂನಿನ ತುಂಬ ದೊಡ್ಡಬಸವರಾಜಣ್ಣನ ಮುಖ, ಗಲ್ಲ ಉಬ್ಬಿ ಒಡೆಯುವಂತೆ. ಬುಟ್ಟಿಯಲ್ಲಿ ಅದೇ ಅಣ್ಣ, ಶಾಲು ಹೊದ್ದು. ಪಕ್ಕದಲ್ಲಿ ಹನುಮೇಶ್ ಒಲೆಗೆ ಫ್ಲೆಕ್ಸ್ ತುರುಕಿ ಉರಿ ಹಚ್ಚುತ್ತಿದ್ದಾನೆ. ಬಲೂನು ಮೇಲೇರಬೇಕಾದರೆ ಭಾರ ಇಳಿಸಬೇಕಲ್ಲ, ಅಣ್ಣ ಬುಟ್ಟಿಯಿಂದ ಹಂಪಕ್ಕನ ಬಂಡಿಯನ್ನೇ ಕೆಳಕ್ಕೆ ಎಸೆಯುತ್ತಿದ್ದಾನೆ. ಒಲೆ, ಬಾಣಲೆ, ಮಿರ್ಚಿ ಎಲ್ಲ ಗಾಳಿಯಲ್ಲಿ ಚದುರಿವೆ. ಕೆಳಗೆ ಹಂಪಕ್ಕ ಎರಡೂ ಕೈ ಎತ್ತಿ ಬಾಯಿ ತೆರೆದು ನಿಂತಿದ್ದಾಳೆ. ಝೆರಾಕ್ಸಿನ ಫ್ರೆಂಚರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಮೂಲೆಯಲ್ಲಿ ತನ್ನ ಹೆಸರನ್ನೂ ಕೊರೆದ. ಬೆಳಕು ಹರಿಯುವ ಹೊತ್ತಿಗೆ ರಾಯಲ್ ಸರ್ಕಲ್ಲಿನ ಚಹಾದಂಗಡಿ, ಬಸ್‌ಸ್ಟ್ಯಾಂಡಿನ ಕಂಬಗಳು, ಹಲಕುಂದಿಗೆ ಹೋಗುವ ಆಟೋಗಳ ಬೆನ್ನು, ಎಲ್ಲೆಲ್ಲೂ ಅಂಟಿಸಿ ಬಂದ. ಬಡಿಯಲು ಬರುವವರು ಹರಿದರೂ ಚಿಂತೆಯಿಲ್ಲವೆಂದು ಹಳೆಯ ಅಂಗಿ ತೊಟ್ಟು ಅಂಗಡಿಯಲ್ಲಿ ಕೂತ.

ಮಧ್ಯಾಹ್ನಕ್ಕೆ ಹನುಮೇಶ್ ಬಂದ. ಹಿಂದೆ ನಾಲ್ಕೈದು ಹುಡುಗರು. ಪಕ್ಕೀರಪ್ಪ ಕನ್ನಡಕ ತೆಗೆದು ಡ್ರಾಯರಿನಲ್ಲಿಟ್ಟ.

"ಇದನ್ನ ಮಾಡ್ದಾವ ನೀನs ಅಲ್ಲೇನು?"

"ಹೌದ್ರಿ. ನಾನs."

ಹನುಮೇಶ್ ಕೈಯೆತ್ತಿದ. ಎತ್ತಿದ ಕೈಯಲ್ಲಿ ಮೈಸೂರು ಪೇಟ ಇತ್ತು, ಅದನ್ನು ಪಕ್ಕೀರಪ್ಪನ ತಲೆಗೆ ಇಟ್ಟ. ಹುಡುಗರಲ್ಲೊಬ್ಬ ಶಾಲು ಹೊದಿಸಿದ, ಇನ್ನೊಬ್ಬ ಮೊಬೈಲಿನಲ್ಲಿ ಫೋಟೋ ಹೊಡೆದ.

"ಅಣ್ಣಾರು ನೋಡಿ ಭಾಳ ಖುಷಿ ಆಗ್ಯಾರ. ಮುಗಿಲಿನಿಂದ ಬಡವ್ರಿಗೆ ಬಂಡಿ ಹಂಚೋದು! ಎಂಥಾ ತಲಿ ಐತಿ ಮಾರಾಯಾ ನಿಂದು!"

"ಹಂಚೋದಲ್ರಿ ಅದು," ಎಂದ ಪಕ್ಕೀರಪ್ಪ, ಪೇಟದ ಕೆಳಗಿನಿಂದ. "ಒಗಿಯೋದ್ರಿ. ಬಂಡಿ ಕೆಳಗ ಒಗಿಯಾಕತ್ತಾರ."

"ಒಗದ್ರೇನು, ಕೊಟ್ರೇನು? ಮ್ಯಾಲಿಂದ ಕೆಳಗ ಬರ್ತೈತಲ್ಲ. ಕೆಳಗ ಆ ಮುದುಕಿ ಕೈ ಒಡ್ಡ್ಯಾಳಲ್ಲ."

ಎರ್ರಿಸ್ವಾಮಿ ಹಿಂದಿನಿಂದ ಪಕ್ಕೀರಪ್ಪನ ಅಂಗಿ ಜಗ್ಗಿ, "ಸುಮ್ಕಿರು. ಅಂಗಡಿಗೆ ಹೆಸರು ಬಂದೈತಿ," ಎಂದು ಪಿಸುಗುಟ್ಟಿದರು.

ಅಲ್ಲಿಗೆ ಮುಗಿಯಲಿಲ್ಲ. ಸಂಜೆಯೊಳಗೆ ಅಂಗಡಿಯ ಮುಂದೆ ಸಾಲು ಹತ್ತಿತು. ಬೈಸಿಕೊಂಡೆವೆಂದು ಬಂದವರಲ್ಲ ಇವರು, ಬೈಸಿಕೊಳ್ಳುವವರ ಪಟ್ಟಿಯಿಂದ ಬಿಟ್ಟುಹೋದೆವೆಂದು ಬಂದವರು. ದೊಡ್ಡಬಸವರಾಜಣ್ಣನ ಎದುರಾಳಿ ಜಂಬುನಾಥನ ಕಡೆಯವರು ಬಂದು, ನಮ್ಮ ಅಣ್ಣನ ಮುಖ ಅದೇ ಅಳತೆಯದು ಬೇಕು, ಬಲೂನು ಇನ್ನೂ ಒಂದು ಮೊಳ ಮೇಲಿರಬೇಕು ಎಂದರು. ಮದುವೆ ಮಂಟಪದ ಮಾಲೀಕರು ತಮ್ಮನ್ನೂ ಬುಟ್ಟಿಯ ಅಂಚಿನಲ್ಲಿ ಎಲ್ಲಾದರೂ ಸೇರಿಸಬೇಕೆಂದು ವಿನಂತಿಸಿದರು. ಕೋಚಿಂಗ್ ಸೆಂಟರಿನವರಿಗೆ ಬಲೂನಿನಿಂದ ರ‍್ಯಾಂಕುಗಳು ಉದುರಬೇಕಿತ್ತು. ಒಬ್ಬ ಡಾಕ್ಟರು ತಮ್ಮ ಗಲ್ಲವನ್ನೂ ಅಣ್ಣನ ಗಲ್ಲದಷ್ಟೇ ಉಬ್ಬಿಸಬೇಕೆಂದು ಕೇಳಿಕೊಂಡರು, ಏಕೆಂದರೆ ಉಬ್ಬಿದ ಗಲ್ಲ ಸ್ಥಾನಮಾನದ ಗುರುತು ಎಂದು ಅಷ್ಟರಲ್ಲಿ ಊರಲ್ಲಿ ಸುದ್ದಿಯಾಗಿತ್ತು. ಇಂಥ ಊರನ್ನು ಗೇಲಿ ಮಾಡುವುದು ಹೇಗೆ ಎಂದು ಪಕ್ಕೀರಪ್ಪನಿಗೆ ಗದಗಿನ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಪೇಟ, ಶಾಲು ಎರಡನ್ನೂ ಕೈಚೀಲಕ್ಕೆ ತುರುಕಿಕೊಂಡು ಅಕ್ಕನ ಮನೆಗೆ ಹೋದ. ಹಂಪಕ್ಕ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಇಕಿ ಯಾರಲೇ ಕೆಳಗ?"

"ನೀನs ಅಕ್ಕಾ."

"ನಾನು ಹಿಂಗ ಬೇಡಾಕ ನಿಂತಿದ್ನೇನು?"

"ಬೇಡಾದಲ್ಲ. ಬೈಯಾಕತ್ತಿ. ಸಿಟ್ಟಿಲೆ ಕೈ ಎತ್ತೀದಿ."

"ಬೈಯೋ ಕೈ ಹಿಂಗಿರಂಗಿಲ್ಲ, ಪಕ್ಕೀರಾ. ಇದು ಜೋಳಿಗಿ ಹಿಡಿಯೋ ಕೈ." ಕಾಗದವನ್ನು ಅವನ ಮುಂದೆ ಇಟ್ಟು ಒಳಗೆ ಹೋದಳು.

ಆ ಮಾತು ಅವನಿಗೆ ಚುಚ್ಚಿತು. ಹನುಮೇಶನ ದಡ್ಡತನಕ್ಕೆ ನಗಬಹುದಿತ್ತು, ಅಕ್ಕನ ಕಣ್ಣಿಗೆ ಏನು ಹೇಳುವುದು? ಚಿತ್ರವನ್ನು ತಿರುತಿರುಗಿಸಿ ನೋಡಿದ. ಅಕ್ಕ ಹೇಳಿದ್ದು ನಿಜ. ಅಂಗೈ ಮೇಲಾಗಿ ಒಡ್ಡಿದ ಮೆತ್ತನೆಯ ಕೈಗಳು, ಬೆರಳೊಂದೂ ಸೆಟೆದಿಲ್ಲ. ಯಾವ ಯೋಜನೆಯ ಫ್ಲೆಕ್ಸಿನಲ್ಲೂ ಕೆಳಗೆ ನಿಂತು ಎತ್ತಿರುವ ಫಲಾನುಭವಿಯ ಕೈಗಳು ಅವು. ಅವನ್ನೇ ಬಿಡಿಸಿ ಬಿಡಿಸಿ ಅವನ ಕೈಗೆ ಬೇರೆ ಕೈ ಬರುವುದೇ ಮರೆತಿತ್ತು. ಕಾಗದವನ್ನು ಮಡಚಿ ಪೇಟದ ಜೊತೆಗೇ ಚೀಲಕ್ಕೆ ತುರುಕಿದ.

ಅತ್ತ ದೊಡ್ಡಬಸವರಾಜಣ್ಣ ಚಿತ್ರವನ್ನು ಬರಿ ಚಿತ್ರವಾಗಿ ಬಿಡಲಿಲ್ಲ. 'ಬಂಡಿ ಭಾಗ್ಯ' ಎಂದು ಘೋಷಿಸಿಯೇಬಿಟ್ಟರು. ಹಂಚಲು ಬಂಡಿ ಬೇಕಲ್ಲ? ಗೋಡೌನಿನಲ್ಲಿ ಒಂದು ಇದ್ದೇ ಇತ್ತು. ಅದನ್ನು ತೊಳೆದು, ನಾಲ್ಕೂ ಕಡೆಗೆ ಅಣ್ಣನವರ ಮುಖ ಅಂಟಿಸಿ, ಗಾಂಧಿನಗರದ ಮೈದಾನದಲ್ಲಿ ಬಲೂನಿನ ಪಕ್ಕ ನಿಲ್ಲಿಸಿದರು. ಮೊದಲ ಫಲಾನುಭವಿ ಯಾರು? ಚಿತ್ರದಲ್ಲಿದ್ದ ಮುದುಕಿಯೇ ಆದರೆ ಚೆಂದ ಎಂದರು. ಹೀಗೆ ಹಂಪಕ್ಕನಿಗೆ ಹಂಪಕ್ಕನ ಬಂಡಿಯನ್ನೇ ದಾನ ಮಾಡುವ ಕಾರ್ಯಕ್ರಮ ನಡೆಯಿತು.

ಅಣ್ಣನವರು ಬಲೂನಿನಿಂದ ಇಳಿದು ಬಂಡಿಯ ಹಿಡಿಯನ್ನು ಅವಳ ಕೈಗೆ ಮುಟ್ಟಿಸಿದರು. ಮೈಕು ಅವಳ ಬಾಯಿಗೆ ಹಿಡಿದರು.

"ಇದು ನಂದs ಬಂಡಿ," ಎಂದಳು ಹಂಪಕ್ಕ ಸ್ಪಷ್ಟವಾಗಿ.

ಭಾರೀ ಚಪ್ಪಾಳೆ ಬಿತ್ತು. "ಕೇಳಿದ್ರಲ್ಲ, ಇನ್ನ ಮ್ಯಾಲೆ ಇದು ತನ್ನದs ಬಂಡಿ ಅಂತ ಈ ತಾಯಿ ಎಷ್ಟು ಅಭಿಮಾನದಿಂದ ಹೇಳಾಕತ್ತಾಳ!" ಎಂದು ನಿರೂಪಕ ಕಣ್ಣೊರೆಸಿಕೊಂಡ.

"ನೀವs ಎತ್ಗೊಂಡು ಹೋಗಿದ್ದು!" ಎಂದದ್ದು ಮೈಕು ಹೋದ ಮೇಲಿನ ಮಾತಾಯಿತು. ಅವಳು ವೇದಿಕೆಯಿಂದ ಇಳಿದು ಹಿಂದೆ ಬರುವಷ್ಟರಲ್ಲಿ ಬಂಡಿ ಟ್ರ್ಯಾಕ್ಟರ್ ಹತ್ತಿಯಾಗಿತ್ತು. ಸ್ಟಿಕ್ಕರ್ ಸರಿಪಡಿಸಿ ಕಳಿಸುತ್ತೇವೆ ಎಂದ ಹನುಮೇಶ್, ಅವಳ ಕಡೆ ನೋಡದೆ. ಪಕ್ಕೀರಪ್ಪ ಟ್ರ್ಯಾಕ್ಟರಿನ ಹಿಂದೆ ಒಂದಷ್ಟು ದೂರ ಓಡಿ, ಏದುಸಿರು ಬಿಡುತ್ತ ನಿಂತ.

ಎರಡು ದಿನ ಬಿಟ್ಟು ಅವನ ಕಂಪ್ಯೂಟರಿಗೆ ಕುರುಗೋಡಿನ ಫೋಟೋಗಳು ಬಂದವು. ಅಲ್ಲಿ ಅಣ್ಣನವರು ಒಬ್ಬ ಬಾಳೆಹಣ್ಣು ಮಾರುವವನಿಗೆ ಬಂಡಿ ಕೊಡುತ್ತಿದ್ದರು. ಬಂಡಿಯ ಎಡಗಡೆಯ ಹಲಗೆಯಲ್ಲಿ ಒಲೆಯ ಬಿಸಿಗೆ ಸುಟ್ಟು ಕರಿಯಾದ ಕಲೆ ಇತ್ತು. ಆ ಕಲೆಯನ್ನು ನೋಡುತ್ತಲೇ ಪಕ್ಕೀರಪ್ಪ ಬೆಳೆದಿದ್ದ.

"ಆ ಕರೀ ಕಲಿ ತಗದುಬಿಡು," ಎಂದರು ಎರ್ರಿಸ್ವಾಮಿ, ಅವನ ಭುಜದ ಮೇಲಿಂದ ಬಗ್ಗಿ. "ಬಳ್ಳಾರಿ ಬಂಡಿ ಹಂಗs ಇರಲಿ. ಕುರುಗೋಡಿನ ಬಂಡಿ ಹಸ್ರು ಮಾಡು. ಸಿರುಗುಪ್ಪದ್ದು ಕೆಂಪು."

"ಸಿರುಗುಪ್ಪದ ಫಂಕ್ಷನ್ ನಾಳೆ ಐತಲ್ರಿ?"

"ಫೋಟೋ ನಾಳೆ ಬರ್ತಾವ. ಫ್ಲೆಕ್ಸ್ ಇವತ್ತs ರೆಡಿ ಇರಬೇಕು. ಬಣ್ಣ ಅಷ್ಟs ಮಾಡಿಡು."

ಒಂದು ಬಂಡಿ, ಮೂರು ಊರು, ಮೂರು ಬಣ್ಣ. ದೇವರು ಕೂಡ ಮೂರು ಅವತಾರಕ್ಕೆ ಇಷ್ಟು ಅವಸರ ಮಾಡಿರಲಿಕ್ಕಿಲ್ಲ. ಪಕ್ಕೀರಪ್ಪ ಮೌಸಿನಿಂದ ಕೈ ತೆಗೆದ. "ನಾಳೆ ನಾನು ಬರಂಗಿಲ್ಲ," ಎಂದು ಹೇಳಿ ಎದ್ದು ಹೊರಟ.

ಮರುದಿನ ಅಕ್ಕ ತಮ್ಮ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದರು. ಭತ್ತ ಕೊಯ್ದ ಗದ್ದೆಯೊಂದರಲ್ಲಿ ಶಾಮಿಯಾನ ಹಾಕಿದ್ದರು. ಹಚ್ಚೊಳ್ಳಿಯಿಂದ, ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಟ್ಟಲೆ ಜನ ಬಂದಿದ್ದರು. ಬಲೂನು ಉಬ್ಬಿ ನಿಂತಿತ್ತು, ಅಣ್ಣನವರ ಮುಖ ಗಾಳಿಗೆ ಒಮ್ಮೆ ಸೊಟ್ಟಗಾಗಿ ಒಮ್ಮೆ ನೆಟ್ಟಗಾಗುತ್ತಿತ್ತು. ಪಕ್ಕದಲ್ಲೇ ಬಂಡಿ. ಈ ಸಲದ ಫಲಾನುಭವಿ ಹಚ್ಚೊಳ್ಳಿಯ ಜಂಬಮ್ಮ, ಸಂತೆಯಲ್ಲಿ ಬಳೆ ಮಾರುವ ಹೆಂಗಸು, ಹೊಸ ಸೀರೆಯುಟ್ಟು ಬಂಡಿಯ ಹಿಡಿಯನ್ನು ಆಗಲೇ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖದ ಖುಷಿ ಕಂಡು ಪಕ್ಕೀರಪ್ಪನಿಗೆ ಸಂಕಟವಾಯಿತು.

ಹಂಪಕ್ಕ ಯಾರನ್ನೂ ಕೇಳಲಿಲ್ಲ, ಕೂಗಲಿಲ್ಲ. ನಡೆದು ಹೋಗಿ ಬಂಡಿಯ ಮುಂದೆ ನಿಂತಳು. ಸುಟ್ಟ ಹಲಗೆಯನ್ನು ಒಮ್ಮೆ ಸವರಿದಳು. ಬಗ್ಗಿ ಗಾಲಿಯ ಕೆಳಗಿನ ಮಣ್ಣನ್ನು ಹಿಡಿ ತುಂಬ ಬಾಚಿಕೊಂಡು ಬಲೂನಿನ ಕಡೆ ತಿರುಗಿದಳು. ತಲೆಯ ಮೇಲಿನ ಸೆರಗು ಜಾರಿತು. ಎತ್ತಿದ ಮುಷ್ಟಿ ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಐದೂ ಬೆರಳು ಸಿಡಿದವು.

"ನನ್ನ ಹೊಟ್ಟಿ ಮ್ಯಾಲ ಹೊಡದ್ಯಲ್ಲೋ! ಮಣ್ಣು ಬೀಳಲಿ ನಿನ್ನ ಬಾಯಾಗ!"

ಮಣ್ಣು ಯಾರಿಗೂ ತಾಗಲಿಲ್ಲ. ಗಾಳಿಯಲ್ಲಿ ಹರಡಿ ಇಳಿಯಿತು. ಆದರೆ ಯಾವುದಕ್ಕೂ ಚಪ್ಪಾಳೆ ತಟ್ಟುವ ಜನ ಅಂದು ತಟ್ಟಲಿಲ್ಲ. ಹೆಂಗಸರು ಮಕ್ಕಳನ್ನು ಸೆರಗಿನ ಹಿಂದೆ ಎಳೆದುಕೊಂಡರು. ಅನ್ನ ಕಳೆದುಕೊಂಡವಳು ಮಣ್ಣು ತೂರಿ ಶಾಪ ಹಾಕಿದರೆ ಏನೆಂದು ಅಲ್ಲಿದ್ದವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಜಂಬಮ್ಮ ಬಂಡಿಯ ಹಿಡಿಯನ್ನು ಬಿಟ್ಟು ಹಿಂದೆ ಸರಿದಳು.

"ನಂಗ ಬ್ಯಾಡ್ರಿ ಈ ಬಂಡಿ. ಆಯಮ್ಮಂದು ಇದು," ಎಂದಳು ಮೈಕಿನವನಿಗೆ. "ಆಕಿಗೇ ಕೊಡ್ರಿ."

ನಿರೂಪಕನೊಬ್ಬನಿಗೆ ಮಾತ್ರ ಏನೂ ಅರ್ಥವಾಗದೆ, ತಾಯಿಯೊಬ್ಬಳು ಮಣ್ಣಿನ ಋಣದ ಸಂಕೇತವಾಗಿ ಅಣ್ಣನವರನ್ನು ಆಶೀರ್ವದಿಸಿದಳು ಎಂದು ಹೇಳತೊಡಗಿದ. ಬುಟ್ಟಿಯಲ್ಲಿ ನಿಂತಿದ್ದ ದೊಡ್ಡಬಸವರಾಜಣ್ಣ ಬೀಸುತ್ತಿದ್ದ ಕೈಯನ್ನು ಇಳಿಸಿದರು. ಹನುಮೇಶನ ಹುಡುಗರು ಹಂಪಕ್ಕನನ್ನು ಹೊರಗೆ ಕಳಿಸಲು ಮುಂದೆ ಬಂದವರು, ಅವಳ ಬೆರಳಿಗೆ ಇನ್ನೂ ಮಣ್ಣು ಮೆತ್ತಿರುವುದನ್ನು ನೋಡಿ ನಿಂತಲ್ಲೇ ನಿಂತರು. ಅವಳಾಗಿಯೇ ನಡೆದು ರಸ್ತೆಗೆ ಬಂದಳು. ಬಂಡಿಯನ್ನು ಅವರು ಮತ್ತೆ ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋದರು.

ಬಸ್ಸಿನಲ್ಲಿ ಹಂಪಕ್ಕ ಅತ್ತಳು. ಪಕ್ಕೀರಪ್ಪ ಅವಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದ. ಬೆರಳ ಸಂದಿಯ ಎಣ್ಣೆ ಸುಟ್ಟ ಗುರುತುಗಳು, ಈಳಿಗೆಮಣೆ ಕೊಯ್ದ ಗೆರೆಗಳು, ಮುರಿದು ದಪ್ಪಗಾದ ಉಗುರು. ಇಷ್ಟು ದಿನ ಆ ಕೈ ತನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಬಾಗಿಲು ತೆರೆದಿಟ್ಟುಕೊಂಡು ಕೊರೆಯಲು ಕೂತ. ಬಲೂನು ಬಿಟ್ಟ, ಬುಟ್ಟಿ ಬಿಟ್ಟ, ಉಬ್ಬಿದ ಗಲ್ಲ ಬಿಟ್ಟ. ಬರಿ ಒಂದು ಕೈ, ಮಣಿಕಟ್ಟಿನಿಂದ ಮೇಲಕ್ಕೆ, ಬೆರಳು ಸಿಡಿದು ಮಣ್ಣು ಹಾರುತ್ತಿರುವ ಕ್ಷಣದ್ದು. ಉಳಿ ತನ್ನಷ್ಟಕ್ಕೇ ಚರ್ಮವನ್ನು ನುಣುಪು ಮಾಡಲು ಹೋಗುತ್ತಿತ್ತು. ಎರಡು ಸಲ ಹಾಳೆ ಕೆಟ್ಟಿತು. ಮೂರನೆಯದರಲ್ಲಿ ಸುಟ್ಟ ಗುರುತು, ಗೆರೆ, ಉಗುರು ಎಲ್ಲ ಇದ್ದಂತೆ ಬಂದವು. ಕೆಳಗೆ ಒಂದಕ್ಷರವನ್ನೂ ಬರೆಯಲಿಲ್ಲ. ಮೊದಲಿನ ಚಿತ್ರ ಅಂಟಿಸಿದಲ್ಲೆಲ್ಲ, ಅದರ ಮೇಲೆಯೇ ಇದನ್ನು ಅಂಟಿಸಿ ಬಂದ. ಸಿರುಗುಪ್ಪದ ಬಸ್ಸಿನ ಡ್ರೈವರೊಬ್ಬ ಒಂದು ಕಟ್ಟು ತಾನೇ ಕೇಳಿ ತೆಗೆದುಕೊಂಡು ಹೋದ.

ಈ ಸಲ ಪೇಟ ಬರಲಿಲ್ಲ. ಚಹಾದಂಗಡಿಯಲ್ಲಿ ಜನ ಚಿತ್ರ ನೋಡಿ ಲೋಟ ಇಟ್ಟು ಎದ್ದರು. ತಮ್ಮನ್ನೂ ಸೇರಿಸಿ ಎಂದು ಮಂಟಪದವರೂ ಬರಲಿಲ್ಲ, ಡಾಕ್ಟರೂ ಬರಲಿಲ್ಲ. ಎರ್ರಿಸ್ವಾಮಿ, "ಒಂದೀಟು ದಿನ ಮನ್ಯಾಗ ಇರಪಾ," ಎಂದು ಮೆಲ್ಲಗೆ ಹೇಳಿದರು. ಪಕ್ಕೀರಪ್ಪ ತನ್ನ ಕನ್ನಡಕದ ಡಬ್ಬಿ ತೆಗೆದುಕೊಳ್ಳುತ್ತಿರುವಾಗ ದೊಡ್ಡಬಸವರಾಜಣ್ಣ ಸ್ವತಃ ಅಂಗಡಿಗೆ ಬಂದರು, ಹನುಮೇಶನೂ ಇಲ್ಲದೆ, ಶಾಲೂ ಇಲ್ಲದೆ. ಫ್ಲೆಕ್ಸಿನಲ್ಲಿ ನೋಡಿದವರಿಗೆ ಗುರುತು ಸಿಗುವಂತಿರಲಿಲ್ಲ.

"ಆ ಮಣ್ಣು ಯಾರ ಮ್ಯಾಲ ಬೀಳಾಕತ್ತೈತಿ?" ಎಂದು ಕೇಳಿದರು.

"ಅದ್ರಾಗ ಯಾರೂ ಇಲ್ಲಲ್ರಿ ಅಣ್ಣಾರs."

"ಯಾರೂ ಇಲ್ಲದಿದ್ರ ನಮ್ಮವ್ವ ಯಾಕ ಊಟ ಬಿಟ್ಟಾಳ? ನಮ್ಮ ಕಾಂಪೌಂಡಿಗೆ ಯಾರೋ ಹಚ್ಚಿ ಹೋಗ್ಯಾರ. ಅದನ್ನ ನೋಡಿದಾಗಿಂದ ಯಾರ ಅನ್ನ ಕಸ್ಗೊಂಡಿ ಅಂತ ನನ್ನs ಕೇಳಾಕತ್ತಾಳ." ದನಿ ತಗ್ಗಿಸಿದರು. "ಹಿಂಗ ಖಾಲಿ ಬಿಡಬ್ಯಾಡಪಾ. ಕೈ ಎದುರಿಗೆ ಬ್ಯಾರೆ ಯಾರದಾರ ಮಖ ಹಾಕು. ಆ ಜಂಬುನಾಥಂದು ಹಾಕು."

ಪಕ್ಕೀರಪ್ಪ ಡಬ್ಬಿಯನ್ನು ಜೇಬಿಗಿಳಿಸಿದ.

"ಜಂಬುನಾಥಣ್ಣಾರು ಮುಂಜಾನೆನs ಬಂದಿದ್ರು. ನಿಮ್ದು ಹಾಕು ಅಂದು ಹೋದ್ರು."

ಅಣ್ಣನವರು ಗೋಡೆಗೆ ಒರಗಿಸಿದ್ದ ತಮ್ಮದೇ ಫ್ಲೆಕ್ಸಿನ ಕಡೆ ನೋಡಿದರು. ಮುಖ ಹಾಕಿದಾಗ ಖುಷಿಪಟ್ಟವರು, ಮುಖವಿಲ್ಲದ ಚಿತ್ರದಲ್ಲಿ ತಮ್ಮನ್ನು ತಾವೇ ಗುರುತು ಹಿಡಿದು ನಿಂತಿದ್ದರು. ಬೆವರು ಒರೆಸಿಕೊಂಡು, ಮೆಟ್ಟಿಲಿಳಿದು, ಕಾರಿನಲ್ಲಿ ಕೂತು ಹೋದರು.

ಮರುದಿನ ಬೆಳಿಗ್ಗೆ ಬಂಡಿ ಮೈದಾನದ ಮೂಲೆಯಲ್ಲಿ ನಿಂತಿತ್ತು. ಮೈಕು, ಹಾರ, ಫೋಟೋದವನು ಒಂದೂ ಇರಲಿಲ್ಲ. ತಂದವರು ಯಾರೆಂದು ಯಾರೂ ನೋಡಿರಲಿಲ್ಲ. ಹಂಪಕ್ಕ ಗಾಲಿಗೆ ನೀರು ಹಾಕಿ ಕೈಮುಗಿದು ಒಲೆ ಹೊತ್ತಿಸಿದಳು. ಕೆಲಸವಿಲ್ಲದ ಪಕ್ಕೀರಪ್ಪ ಚಾಕು ಹಿಡಿದು ಬಂಡಿಗೆ ಅಂಟಿಸಿದ್ದ ಅಣ್ಣನವರ ಮುಖಗಳನ್ನು ಕೆರೆಯಲು ಕೂತ. ಅಂಟು ಗಟ್ಟಿಯಿತ್ತು. ಹಣೆ ಬಂತು, ಮೀಸೆ ಬಂತು, ಗಲ್ಲ ಚೂರುಚೂರಾಗಿ ಬಂತು. ನಗುವಿನ ಹಲ್ಲುಗಳು ಮಾತ್ರ ನಾಲ್ಕೂ ಕಡೆ ಹಲಗೆಗೆ ಕಚ್ಚಿಕೊಂಡು ಉಳಿದವು. ಎಷ್ಟು ಕೆರೆದರೂ ಬಿಡಲಿಲ್ಲ.

"ಸಾಕು ಬಿಡಲೇ, ಹಲಗಿ ಹಾಳಾಗ್ತೈತಿ," ಎಂದಳು ಹಂಪಕ್ಕ, ಮೊದಲ ಮಿರ್ಚಿಯನ್ನು ಎಣ್ಣೆಗೆ ಬಿಡುತ್ತ. "ಹೊಗಿ ಹತ್ತಿದ್ರ ಅವೂ ಕರ್ರಗಾಗ್ತಾವ."